ಈಶಾನ್ಯಕ್ಕೆ ಹತ್ತದ ನೀರು

ಗೆಳೆಯರೇ, ಕಂಗ್ಟಿಯ ಸಾಹುಕಾರರ ಜಾಣತನ ಇಂದು ಕಣ್ಣಾರೆ ಕಂಡೆ. ನಿಜಾಮರ ಸರ್ಕಾರ ಕಡ್ಡಾಯವಾಗಿ ಕಾಳು ವಸೂಲು ಮಾಡುವ ಲೆವಿಗೆ ಸಿಗಬಾರದೆಂದು ಜೋಳವನ್ನೆಲ್ಲ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದಾರೆ. ಅಲ್ಲಿ ಗೋಡೆ ಜಿನುಗುತ್ತದೆಂದು ಹೋದ ತಿಂಗಳು ಗಾರೆಯವನಾದ ನಾನೇ ಒಳಗೆ ಸುತ್ತಲೂ ಕಾಲುವೆ ತೋಡಿ, ನೈಋತ್ಯದ ಇಳಿಜಾರಿಗೆ ನೀರು ಬಿಟ್ಟಿದ್ದೆ. ಅವರ ಮನೆಗುರು ಅಯ್ಯನವರು ವಾಸ್ತುವಿನ ಪ್ರಕಾರ ನೀರು ಈಶಾನ್ಯಕ್ಕೇ ಹರಿಯಬೇಕೆಂದು ಅದನ್ನು ಮುಚ್ಚಿಸಿ, ಎತ್ತರದ ಈಶಾನ್ಯಕ್ಕೆ ತಿರುಗಿಸಿದ್ದಾರೆ. ಈಗ ಮೊಳಕಾಲವರೆಗೆ ನೀರು ನಿಂತಿದೆ.

“ನೀರ ಏರಿಗಿ ಹ್ಯಾಂಗ ಹತ್ತತಾವ್ರಿ?” ಎಂದೆ.

ಅಯ್ಯನವರು ಮೇಲಿನ ಮೆಟ್ಟಿಲಿಂದಲೇ, “ಶಾಸ್ತ್ರದಾಗ ತಪ್ಪಿಲ್ಲ. ನೀರ ನಿಂತಾವಂದ್ರ ಮನ್ಯಾಗ ಲಕ್ಷ್ಮಿ ನಿಂತಾಳ” ಎಂದರು.

ಸಾಹುಕಾರರು ಆ ನೀರಿನಲ್ಲಿ ನಿಂತೇ, “ಖರೇ ಅದರಿ ಅಯ್ನೋರ” ಎಂದು ಕೈಮುಗಿದರು.

ಅವರ ಬೆನ್ನ ಹಿಂದೆ ಚೀಲಗಳಿಂದ ಜೋಳದ ಮೊಳಕೆ ಇಣುಕುತ್ತಿತ್ತು. ಇನ್ನು ಲೆವಿಯವರ ಹೆದರಿಕೆಯಿಲ್ಲ, ಬಿಡಿ. ಆ ಜೋಳವನ್ನು ಅವರೂ ಮುಟ್ಟುವುದಿಲ್ಲ.