ಬೆರಳಿಗೆ ನೆಟ್ಟ ಸೂಜಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಳಗಾವಿಯ ಒಂದು ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಖಾನಾಪುರದ ನಮ್ಮದು ಜೈನರ ಮನೆ. ನೀರನ್ನೂ ಸೋಸಿ ಕುಡಿಯುವವರು. ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಎಂದಷ್ಟೇ ಅವ್ವನಿಗೆ ಹೇಳಿದ್ದೆ. ಬಿಳಿ ಇಲಿಗಳಿಗೆ ಕ್ಯಾನ್ಸರ್ ಜೀವಕೋಶ ಚುಚ್ಚುತ್ತೇನೆಂದು ಹೇಳಿರಲಿಲ್ಲ.

ಈಥರ್ ಹಾಕಿದ ಹತ್ತಿಯಿದ್ದ ಗಾಜಿನ ಜಾಡಿಯಲ್ಲಿಟ್ಟು ಇಲಿಗೆ ಮೊದಲು ಮಂಪರು ಬರಿಸಬೇಕು. ಎಡಪಕ್ಕೆಯಲ್ಲಿ ಚಿಕ್ಕದಾಗಿ ಕೊಯ್ದು, ನಾಲಿಗೆಯಂತಿರುವ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಒದ್ದೆ ಹತ್ತಿಯಿಂದ ಹೊರಗೆ ತಂದು, ತೀರಾ ಸಣ್ಣ ಸೂಜಿಯಿಂದ ಅದರೊಳಗೆ ಜೀವಕೋಶದ ದ್ರವ ಬಿಡಬೇಕು. ಸೂಜಿ ತೆಗೆದ ಮೇಲೆ ಸೋರದಂತೆ ಒತ್ತಿ ಹಿಡಿದು, ಆಮೇಲೆ ಹೊಲಿಗೆ. ಈಥರ್ ಹೆಚ್ಚಾದರೆ ಇಲಿ ಸಾಯುತ್ತದೆ, ಕಡಿಮೆಯಾದರೆ ನಡುವೆಯೇ ಎಚ್ಚರಾಗುತ್ತದೆ.

ಒಂದು ಮಂಗಳವಾರ, ಸತ್ತೀತೆಂಬ ಅಂಜಿಕೆಯಿಂದ ಈಥರ್ ಕಡಿಮೆ ಕೊಟ್ಟೆ. ಸೂಜಿ ತಾಗಿದ್ದೇ ತಡ, ಇಲಿ ಕಾಲು ಜಾಡಿಸಿತು. ಸೂಜಿ ಜಾರಿ ನನ್ನ ಎಡ ತೋರುಬೆರಳಿಗೆ ನೆಟ್ಟಿತು.

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರು ಓಡಿ ಬಂದರು. "ಒಳಗ ಎಷ್ಟ ಹೋತು?"

"ತಿಳೀಲಿಲ್ರಿ ಸರ್."

ಬೆರಳು ಹಿಂಡಿ ರಕ್ತ ತೆಗೆದು, ನಲ್ಲಿಯ ಕೆಳಗೆ ಹಿಡಿದರು. "ಅಂಜಬ್ಯಾಡವಾ. ಇಲಿ ಜೀವಕೋಶ ಮನುಷ್ಯಾರ ಮೈಯಾಗ ಬೆಳಿಯೂದಿಲ್ಲ."

ಮರುದಿನದಿಂದ ಮಾತ್ರ ದಿನಾ ಬೆಳಿಗ್ಗೆ, "ಬೆರಳ ತೋರ್ಸು" ಎನ್ನುತ್ತಿದ್ದರು. ಬೆಳೆಯುವುದಿಲ್ಲವೆಂದ ಮೇಲೆ ಇವರು ನೋಡುವುದಾದರೂ ಏನನ್ನು?

ಇಲಿಗಳಲ್ಲಿ ಗಡ್ಡೆ ಎರಡು ವಾರದೊಳಗೆ ಕೈಗೆ ಸಿಗುತ್ತಿತ್ತು. ಬೆಳಗಾವಿಯ ವಡಗಾವಿ ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ, ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಾ ದಿನ ಎಣಿಸಿದೆ. ಹನ್ನೊಂದನೆಯ ದಿನ ಸ್ನಾನ ಮಾಡುವಾಗ ಎಡ ಕಂಕುಳಲ್ಲಿ ಹುಣಸೆಬೀಜದಷ್ಟು ಗಂಟು ಸಿಕ್ಕಿತು. ಪ್ರೊಫೆಸರರಿಗೆ ತೋರಿಸುವ ಧೈರ್ಯವಾಗದೆ ಖಾನಾಪುರದ ಬಸ್ಸು ಹತ್ತಿದೆ. ಬೆಳಗಾವಿ ದಾಟಿ ಪೀರನವಾಡಿ ಬರುವಷ್ಟರಲ್ಲಿ ಆ ಗಂಟನ್ನು ಎಷ್ಟು ಸಲ ಮುಟ್ಟಿ ನೋಡಿದೆನೋ!

"ಯಾಕವಾ, ಮಾರಿ ಯಾಕ ಇಷ್ಟ ಸಣ್ಣದಾಗೇತಿ?" ಎಂದಳು ಅವ್ವ. ಅಳುತ್ತಾ ಎಲ್ಲ ಹೇಳಿಬಿಟ್ಟೆ, ಇಲಿಗಳ ವಿಷಯವನ್ನೂ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಗಂಟನ್ನು ಮುಟ್ಟಿ ನೋಡಿ, ಎದ್ದು ಚೀಲ ಎತ್ತಿಕೊಂಡಳು.

"ನನಗ ಮುಚ್ಚಿಟ್ಟಿ. ಅದನ್ನ ಆಮ್ಯಾಲ ಮಾತಾಡೂಣು. ಈಗ ನಡಿ, ನಾನೂ ಬರ್ತೇನಿ."

ಪ್ರಯೋಗಾಲಯದಲ್ಲಿ ಪ್ರೊಫೆಸರರು ಗಂಟಿಗೆ ಸೂಜಿ ಹಾಕಿ ಒಂದು ಹನಿ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ತಲೆ ಎತ್ತಲೇ ಇಲ್ಲ. ಅವ್ವ ನನ್ನ ಮುಂಗೈ ಹಿಡಿದಿದ್ದಳು. ಬಳೆ ಒತ್ತಿ ನೋಯುತ್ತಿತ್ತು. ಕೊನೆಗೆ ಪ್ರೊಫೆಸರರು ಎದ್ದು, "ನೀನ ನೋಡು" ಎಂದರು.

ಕಣ್ಣಿಡಲು ಭಯ. ಇಟ್ಟೆ. ಬರೀ ಕೀವಿನ ಕಣಗಳು. ಇಲಿಯ ಗಡ್ಡೆಯಲ್ಲಿ ನಾನು ನೋಡುತ್ತಿದ್ದ ದೊಡ್ಡ ಕಪ್ಪು ಜೀವಕೋಶ ಒಂದೂ ಇಲ್ಲ. ನಂಬದೆ, ಗಾಜನ್ನು ಸರಿಸಿ ಸರಿಸಿ ಮತ್ತೆ ನೋಡಿದೆ.

"ಬೆರಳಿನ ಗಾಯ ಮ್ಯಾಲ ಮಾಸಿದ್ರೂ ಒಳಗ ನಂಜ ಆಗಿ ಕಂಕುಳಕ್ಕ ಏರಿತ್ರಿ. ಗುಳಿಗಿ ತಗೊಂಡ್ರ ಹೋಗ್ತೈತಿ" ಎಂದು ಅವ್ವನಿಗೆ ಹೇಳಿ, ಕುರ್ಚಿಯಲ್ಲಿ ಕುಸಿದು ಕೂತರು. "ಖರೇ ಹೇಳ್ತೇನ್ರಿ ಅವ್ವಾರ, ನನಗೂ ನಿದ್ದಿ ಇರಲಿಲ್ಲ."

ಹೊರಡುವ ಮುಂಚೆ ಅವ್ವ ಇಲಿಗಳನ್ನು ನೋಡಬೇಕೆಂದಳು. ಪಂಜರಗಳ ಮುಂದೆ ನಿಂತು, "ಇವಕ್ಕ ಮತ್ತ ಸೂಜಿ ಹಾಕ್ತಿಯೇನ?" ಎಂದು ಕೇಳಿದಳು. ನಾನು ಬಗ್ಗಿ ಪಂಜರದ ನೀರಿನ ಸೀಸೆ ತುಂಬಿಸತೊಡಗಿದೆ.

ಗಂಟು ಕೆಲವೇ ದಿನಗಳಲ್ಲಿ ಕರಗಿತು. ಮತ್ತೆ ಎರಡು ವರ್ಷ ಅದೇ ಕೆಲಸ ಮಾಡಿದೆ. ಮಂಪರು ಸಾಕಾಗಿದೆಯೇ ಎಂದು ಇಲಿಯ ಪಾದ ಹಿಂಡಿ ನೋಡಿ, ಅದು ಅಲುಗದೆಂದು ಖಾತ್ರಿಯಾಗದೆ ಕೊಯ್ಯುತ್ತಿರಲಿಲ್ಲ. ಅವ್ವ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳಿಯಾಳೆಂಬ ಅಂಜಿಕೆಯಲ್ಲಿ ನಾನೇ ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ.