ಮಂಚದೊಳಗಿನ ರೈಫಲ್

ಕಳೆದ ವಾರ ಅಹಮದಾಬಾದಿನ ವಸ್ತ್ರಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಹಳೆಯ ಸಾಗುವಾನಿ ಬಾಗಿಲಿಗೆ ಪಾಲಿಶ್ ಮಾಡಿಸುತ್ತಿದ್ದರು. ಬ್ಯಾಂಕಿನಿಂದ ಬಂದು ಲಿಫ್ಟಿನಿಂದ ಹೊರಗೆ ಕಾಲಿಟ್ಟಾಗ ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ನಾಲ್ಕೈದು ವರ್ಷಗಳಾದರೂ ಆ ವಾಸನೆಗೆ ನಾನು ಇನ್ನೂ ಹೆದರುತ್ತೇನೆ...

ಆಗ ನಾವು ವಡೋದರಾದ ಗೋರ್ವಾದಲ್ಲಿದ್ದೆವು. ನನಗೆ ಅಲ್ಲಿಯ ಶಾಖೆಗೆ ವರ್ಗವಾಗಿತ್ತು. ವಿಮಾ ಕಂಪನಿಯಲ್ಲಿದ್ದ ನನ್ನ ಗಂಡ ಸೂರತ್‌ನಲ್ಲಿ ರೂಮು ಮಾಡಿಕೊಂಡು ಶನಿವಾರಕ್ಕೊಮ್ಮೆ ಬರುತ್ತಿದ್ದರು. ಗದಗಿನಿಂದ ಹೊರಟು ಊರೂರು ತಿರುಗಿದ ನಮಗೆ ಅಲ್ಲಿ ಪರಿಚಯದವರೆಂದು ಯಾರೂ ಇರಲಿಲ್ಲ. ಮಹಡಿಯ ಮೇಲೆ ಮನೆಯ ಮಾಲೀಕರು ಒಬ್ಬರೇ ಇದ್ದರು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ನನ್ನ ಮಗಳು ಅಲ್ಲಿಯವರ ಹಾಗೆ ಅಜ್ಜನಿಗೆ ದಾದಾ ಎನ್ನುತ್ತಿದ್ದಳು. ಅವರು ನನ್ನನ್ನು 'ದೀಕ್ರಿ' ಎಂದು ಕರೆಯುತ್ತಿದ್ದರು. ಗುಜರಾತಿಯಲ್ಲಿ ಮಗಳೇ ಎಂದು.

ಕೊರೊನಾದ ವರ್ಷ. ಒಂಬತ್ತು ವರ್ಷದ ಮಗಳಿಗೆ ಶಾಲೆಯೆಲ್ಲ ಮೊಬೈಲಿನಲ್ಲೇ. ಬ್ಯಾಂಕು ಮಾತ್ರ ಒಂದು ದಿನವೂ ಮುಚ್ಚಲಿಲ್ಲ. ಮಗುವನ್ನು ಯಾರ ಹತ್ತಿರ ಬಿಡಲಿ ಎಂದು ನಾನು ಒದ್ದಾಡುತ್ತಿದ್ದಾಗ ಅವರೇ ಕೆಳಗಿಳಿದು ಬಂದು, "ದೀಕ್ರಿ, ಅವಳು ಮೇಲೆ ನನ್ನ ಜೊತೆ ಕೂತು ಓದಲಿ. ನೀನು ಚಿಂತೆ ಬಿಟ್ಟು ಹೋಗು" ಎಂದರು.

ಚಿಂತೆ ಬಿಡುವುದು ಹೇಗೆ? ಅವರ ಮನೆಯಲ್ಲಿ ಮೂರು ಬಂದೂಕುಗಳಿದ್ದವು. ಮೂರೂ ನೂರು ವರ್ಷ ಮೀರಿದ ಇಂಗ್ಲಿಷ್ ಶಿಕಾರಿ ರೈಫಲ್‌ಗಳು. ಒಂದು, ಸಣ್ಣ ಸಂಸ್ಥಾನವೊಂದರಲ್ಲಿ ಗುಮಾಸ್ತರಾಗಿದ್ದ ಅವರ ತಂದೆಗೆ ಸಿಕ್ಕಿದ್ದು. ಉಳಿದೆರಡನ್ನು ಅವರೇ ವರ್ಷಗಟ್ಟಲೆ ಹುಡುಕಿ ಕೊಂಡಿದ್ದರು. ನಾನು ಒಂದು ವಾರ ಏನೂ ಹೇಳದೆ ನುಣುಚಿಕೊಂಡೆ. ಅವರಿಗೆ ಅರ್ಥವಾಯಿತು. ಮೇಲೆ ಕರೆದುಕೊಂಡು ಹೋಗಿ ಉಕ್ಕಿನ ಕಪಾಟು, ಅದರ ಎರಡು ಬೀಗ, ಲೈಸೆನ್ಸಿನ ಪುಸ್ತಕ ಎಲ್ಲ ತೋರಿಸಿದರು. "ಮನೆಯಲ್ಲಿ ಒಂದೇ ಒಂದು ಗುಂಡಿನ ತೋಟಾ ಇಲ್ಲ. ನಾನು ಇಲಿಯನ್ನೂ ಕೊಂದವನಲ್ಲ" ಎಂದು ನಕ್ಕರು.

ಮೂರರಲ್ಲಿ ಚಿಕ್ಕದೊಂದನ್ನು ಹೊರಗೆ ತೆಗೆದರು. ವಿಲಾಯತಿಯ ದೊಡ್ಡ ಮನೆಗಳವರು ತೋಟದ ಕಾಗೆ ಹೊಡೆಯಲು ಮಾಡಿಸಿಕೊಳ್ಳುತ್ತಿದ್ದ ಹಗುರವಾದ ರೈಫಲ್ ಅದು. ಅಗಸೆ ಎಣ್ಣೆ ಹಚ್ಚಿ ಹಚ್ಚಿ ಹೊಳೆಯುತ್ತಿದ್ದ ಅಕ್ರೋಟಿನ ಮರ ಕಬ್ಬಿಣವನ್ನು ಸೇರುವ ಕಡೆ ನನ್ನ ಬೆರಳಿಟ್ಟು, "ಗೆರೆ ಸಿಗುತ್ತದೆಯೇ ನೋಡು" ಎಂದರು. ಸಿಗಲಿಲ್ಲ. "ಬರೀ ಕಬ್ಬಿಣ ಉಜ್ಜುವ ಅರ ಹಿಡಿದು ಒಬ್ಬ ಮನುಷ್ಯ ಮಾಡಿದ್ದು ಇದು. ಮೂವತ್ತು ವರ್ಷ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿದೆ. ನನಗೇ ಇಷ್ಟು ಬರಲಿಲ್ಲ." ಆ ಮಾತಿಗೆ ನನ್ನ ಹೆದರಿಕೆ ಅರ್ಧ ಕರಗಿತು. ಮರುದಿನದಿಂದ ಮಗಳು ಮೇಲೆ ಹೋದಳು. ಭಿನ್ನರಾಶಿ, ಚೆಸ್ಸು, ಗುಜರಾತಿ ಅಕ್ಷರ... ಎಲ್ಲ ಕಲಿತಳು.

ಅದೇ ಹೊತ್ತಿಗೆ ಕಾಯಿದೆ ಬದಲಾಗಿತ್ತು. ಒಬ್ಬರ ಹತ್ತಿರ ಎರಡೇ ಬಂದೂಕು ಇರಬೇಕು, ಮೂರನೆಯದನ್ನು ಒಪ್ಪಿಸಿಬಿಡಬೇಕು. ಗಡುವು ಹತ್ತಿರವಾದಂತೆ ಕಾಕಾ ಊಟ ಕಡಿಮೆ ಮಾಡಿದರು. ಗೇಟಿನ ಸದ್ದಾದರೆ ಬಾಲ್ಕನಿಗೆ ಬಂದು ಇಣುಕುತ್ತಿದ್ದರು. ಒಂದು ದಿನ ಕೇಳಿದೆ. "ಚಿಕ್ಕದನ್ನು ಕೊಟ್ಟು ಬಂದೆ" ಎಂದರು. ಮುಖ ಮಾತ್ರ ಬೇರೆ ಕಡೆಗಿತ್ತು.

ಚಳಿ ಶುರುವಾಗಿತ್ತು. ಅದಾಗಿ ಹದಿನೈದು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ರಜಾಯಿ ತೆಗೆಯಲೆಂದು ಮಗಳು ಮಲಗುವ ಮಂಚದ ಹಲಗೆ ಎತ್ತಿದೆ. ಮಂಚ ಕಾಕಾ ಅವರದೇ, ಕೆಳಗೆ ಸಾಮಾನು ತುಂಬುವ ಪೆಟ್ಟಿಗೆಯಂಥದ್ದು. ಅರ್ಧದಲ್ಲಿ ಅವರ ಹಳೆಯ ಹಾಸಿಗೆ ಬಟ್ಟೆ, ಅರ್ಧದಲ್ಲಿ ನಮ್ಮದು. ಬೇಕಾದಾಗ ತೆಗೆದುಕೊಳ್ಳಲೆಂದು ನಮ್ಮ ಮನೆಯ ಒಂದು ಕೀಲಿ ಅವರ ಹತ್ತಿರವೂ ಇತ್ತು. ರಜಾಯಿಗಳ ನಡುವೆ ಕೈಗೆ ಏನೋ ಉದ್ದನೆಯದು ತಗುಲಿತು. ಹಳೇ ಸೀರೆ ಸುತ್ತಿತ್ತು, ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು.

ಕಿಟಕಿಯ ಪರದೆ ಎಳೆದೆ. ಬಾಗಿಲ ಚಿಲಕ ಹಾಕಿದೆ. ಮತ್ತೆ ಹೋಗಿ ಚಿಲಕ ಬಿದ್ದಿದೆಯೇ ನೋಡಿದೆ. ಲೈಸೆನ್ಸ್ ಇಲ್ಲದ ನನ್ನ ಮನೆಯಲ್ಲಿ ಬಂದೂಕು. ಕೆಲಸ, ಮಾನ, ಜೈಲು... ತಲೆ ಎಲ್ಲೆಲ್ಲೋ ಓಡಿತು. ಆ ವಾರ ಗಂಡ ಬಂದಿರಲಿಲ್ಲ. ಫೋನ್ ಮಾಡಿದೆ.

"ನಾವು ಪರಊರಾಗ ಅದೀವಿ, ನೆನಪಿರಲಿ. ಈಗಿಂದೀಗ ಪೊಲೀಸರಿಗೆ ಫೋನ್ ಹಚ್ಚು" ಎಂದರು.

"ಅವರನ್ನ ಎಳಕೊಂಡು ಹೋಗ್ತಾರ್ರೀ."

"ಹೋಗ್ಲಿ. ನಿನ್ನ ಎಳಕೊಂಡು ಹೋದ್ರ ನಾ ಏನ್ ಮಾಡ್ಲಿ?"

ಫೋನ್ ಇಟ್ಟು, ರೂಮಿಗೆ ಬೀಗ ಹಾಕಿ ಮೇಲೆ ಹೋದೆ. ಮಗಳು ಅಲ್ಲಿ ಚೆಸ್ ಹರವಿಕೊಂಡು ಕೂತಿದ್ದಳು. ಒಂದು ನಿಮಿಷ ಕೆಳಗೆ ಬನ್ನಿ ಎಂದು ಅವರನ್ನು ಕರೆದೆ. ತೆರೆದ ಮಂಚ ನೋಡಿ ಅವರು ಗೋಡೆ ಹಿಡಿದು ನಿಂತರು.

"ಪೊಲೀಸರು ಬಂದರೆ ಕಪಾಟಿನಲ್ಲಿ ಎರಡೇ ಕಾಣಲಿ ಅಂತ... ನಿನ್ನ ಮನೆ ಯಾರೂ ನೋಡುವುದಿಲ್ಲ ಅಂದುಕೊಂಡೆ. ಸ್ವಲ್ಪ ದಿನದಲ್ಲಿ ಕಾಯಿದೆ ಬದಲಾಗಬಹುದು ದೀಕ್ರಿ."

"ನನ್ನ ಮಗಳು ಹದಿನೈದು ದಿನದಿಂದ ಅದರ ಮೇಲೆ ಮಲಗಿದ್ದಾಳೆ, ಕಾಕಾ."

ಗಡುವಿಗೆ ಇನ್ನೂ ನಾಲ್ಕು ದಿನ ಉಳಿದಿತ್ತು. ನಾಳೆಯೇ ಠಾಣೆಗೆ ಹೋಗಿ ಒಪ್ಪಿಸೋಣ, ನಾನೂ ರಜೆ ಹಾಕಿ ಬರುತ್ತೇನೆ ಎಂದೆ. ತಲೆಯಾಡಿಸಿ, ಗಂಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು. ಮಗಳನ್ನು ನಾನು ಕೆಳಗೆ ಕರೆದುಕೊಂಡೆ. ಆಟ ಅರ್ಧಕ್ಕೇ ಬಿಟ್ಟು ಬಂದಳು.

ಆಮೇಲಿನ ಮಧ್ಯಾಹ್ನವನ್ನು ಹೇಗೆ ಕಳೆದೆನೋ! ತಲೆಯ ಮೇಲೆ ಅವರ ಚಪ್ಪಲಿಯ ಸದ್ದು ಅತ್ತಿಂದಿತ್ತ ಹೋಗುತ್ತಿತ್ತು. ತೋಟಾ ಇಲ್ಲವೆಂದಿದ್ದರು, ನಿಜ. ಆದರೆ ಕೊಟ್ಟು ಬಂದೆ ಎಂದೂ ಹೇಳಿದ್ದರಲ್ಲ? ನಾಲ್ಕು ಗಂಟೆಯ ಸುಮಾರಿಗೆ ಸದ್ದು ನಿಂತುಹೋಯಿತು. ಐದು ನಿಮಿಷ ಕಾದೆ. ಹತ್ತು ನಿಮಿಷ... ಕೊನೆಗೆ ಬರಿಗಾಲಲ್ಲೇ ಓಡಿದೆ.

ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಹಳೇ ಪೇಪರ್ ಹಾಸಿ, ರೈಫಲ್ ಬಿಚ್ಚಿಟ್ಟುಕೊಂಡು ಕೂತಿದ್ದರು. ನಳಿಗೆ ಒಂದು ಕಡೆ, ಮರದ ಹಿಡಿ ಇನ್ನೊಂದು ಕಡೆ, ಬಟ್ಟಲಲ್ಲಿ ಸ್ಕ್ರೂಗಳು. ಅಂಗೈಯಲ್ಲಿ ಎಣ್ಣೆ ಹಚ್ಚಿ ಮರವನ್ನು ಉಜ್ಜುತ್ತಿದ್ದರು, ಮಗುವಿನ ಬೆನ್ನು ಉಜ್ಜುವ ಹಾಗೆ. ನನ್ನ ಏದುಸಿರು ನೋಡಿ ಅವರಿಗೆ ಎಲ್ಲ ತಿಳಿಯಿತು. "ಹೆದರಿದೆಯಾ?" ಎಂದರು. "ಅಲ್ಲಿ ಇದಕ್ಕೆ ಯಾರು ಎಣ್ಣೆ ಹಚ್ಚುತ್ತಾರೆ ದೀಕ್ರಿ?"

ಮರುದಿನ ಠಾಣೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಂಬರು, ನಳಿಗೆಯ ಅಳತೆ, ಮರದ ಜಾತಿ ಎಲ್ಲವನ್ನೂ ಕಾಕಾ ದುಂಡಗೆ ಬರೆದು ತಂದಿದ್ದರು. ಮೇಜಿನ ಹಿಂದಿದ್ದವರು ನಂಬರಷ್ಟನ್ನೇ ಬರೆದುಕೊಂಡು, ದಾರದಲ್ಲಿ ಚೀಟಿ ಕಟ್ಟಿ, ಮೂಲೆಯಲ್ಲಿದ್ದ ತುಕ್ಕು ಹಿಡಿದ ನಾಲ್ಕಾರು ಬಂದೂಕುಗಳ ಜೊತೆ ಒರಗಿಸಿದರು. "ಸಾಹೇಬ್, ಮಲಗಿಸಿ ಇಟ್ಟರೆ..." ಎಂದು ಕಾಕಾ ಬಾಯಿ ತೆರೆದರು. ಯಾರೂ ಕೇಳಿಸಿಕೊಳ್ಳಲಿಲ್ಲ. ರಿಕ್ಷಾದಲ್ಲಿ ವಾಪಸಾಗುವಾಗ ಮಾಸ್ಕಿನ ಮೇಲಿನಿಂದ ಅವರ ಕಣ್ಣಷ್ಟೇ ಕಾಣುತ್ತಿತ್ತು. ಮನೆ ಬಂದಾಗ, "ನನ್ನಿಂದ ದೊಡ್ಡ ತಪ್ಪಾಯಿತು, ಬೆನ್" ಎಂದರು. ಅಂದಿನಿಂದ ನಾನು ಅವರಿಗೆ ದೀಕ್ರಿಯಾಗಿ ಉಳಿಯಲಿಲ್ಲ, ಎಲ್ಲ ಹೆಂಗಸರ ಹಾಗೆ ಬೆನ್ ಆದೆ.

ನಾನು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮಗಳನ್ನು ಮೇಲೆ ಕಳಿಸುವುದನ್ನೂ ನಿಲ್ಲಿಸಿದೆ. ಪಕ್ಕದ ಬೀದಿಯ ಟೀಚರೊಬ್ಬರನ್ನು ಗೊತ್ತು ಮಾಡಿದೆ. ಮೆಟ್ಟಿಲ ಮೇಲೆ ನಿಂತು ಅವರು, "ಇವತ್ತು ಚೆಸ್ ಇಲ್ಲವೇ?" ಎಂದು ಮಗಳನ್ನು ಕೇಳಿದಾಗಲೆಲ್ಲ ನಾನೇ ಮುಂದೆ ಬಂದು ಪರೀಕ್ಷೆ, ನೆಗಡಿ ಎಂದು ಏನೋ ಒಂದು ಹೇಳುತ್ತಿದ್ದೆ. ಮೂರು ತಿಂಗಳಲ್ಲಿ ಅಹಮದಾಬಾದಿಗೆ ವರ್ಗವಾಯಿತು. ಆ ಬೇಸಿಗೆಯ ಎರಡನೇ ಅಲೆಯಲ್ಲಿ ಅವರು ಹೋದರು. ಆಸ್ಪತ್ರೆಯಿಂದ ಮನೆಗೂ ತರಲಿಲ್ಲವಂತೆ. ಸುದ್ದಿ ನನಗೆ ತಲುಪಿದ್ದು ಹನ್ನೆರಡು ದಿನಗಳ ಮೇಲೆ.

ಕಳೆದ ವಾರ ಲಿಫ್ಟಿನ ಮುಂದೆ ನಿಂತೇ ಇದ್ದ ನನ್ನನ್ನು ಮಗಳು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟಳು. ಈಗ ಅವಳಿಗೆ ಹದಿನಾಲ್ಕು. ಗೋರ್ವಾದ ದಾದಾ ನೆನಪಾದರು ಎಂದೆ. ಅವಳು ತನ್ನ ಹರಕು ಕನ್ನಡದಲ್ಲಿ ಕೇಳಿದಳು.

"ಅಮ್ಮಾ, ಆವಾಗ ನಾನು ಏನಾದ್ರೂ ಗಲ್ತಿ ಮಾಡಿದ್ನಾ? ಅದಕ್ಕೇ ನೀನು ಊಪರ್ ಕಳಸ್ತಿರಲಿಲ್ಲಾ?"

ಇಷ್ಟು ವರ್ಷವೂ ಅವಳು ಹಾಗೆಂದೇ ತಿಳಿದಿದ್ದಳು. ಪಕ್ಕಕ್ಕೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಮಂಚ, ಸೀರೆಯ ಗಂಟು, ಠಾಣೆ... ಅವಳಿಗೆ ಹೆದರಿಕೆಯಾಗಲಿಲ್ಲ. ಕಣ್ಣು ತುಂಬಿಕೊಂಡು, "ಮತ್ತೆ ದಾದಾಗೆ ಮಾಫ್ ಮಾಡಿದೀನಿ ಅಂತ ಯಾವಾಗ ಹೇಳ್ದೆ?" ಎಂದಳು.

ನಾನು ಹೇಳಿರಲಿಲ್ಲ. ಅದನ್ನೂ ಅವಳಿಗೆ ಹೇಳಿದೆ.