ಕೆಂಪಿಲ್ಲದ ದೀಪ

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ನಾನು ಮಂಡ್ಯದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ, ಊರಿನ ರೇಷ್ಮೆ ಗೋದಾಮಿಗೆ ಪಾದರಸದ ಹೊಸ ದೀಪ ಬಂತು. ಸಣ್ಣ ಗಾಜಿನ ಕೊಳವೆಯೊಳಗೆ ಪಾದರಸದ ಆವಿ ಭಾರಿ ಒತ್ತಡದಲ್ಲಿ ಉರಿಯುತ್ತಿತ್ತು. ಕಿಟಕಿಯೇ ಇಲ್ಲದ ಆ ಗೋದಾಮಿನಲ್ಲಿ ಹಟ್ಟಹಗಲಾಯಿತು. ನಾನೂ ಬಾಯಿ ಬಿಟ್ಟುಕೊಂಡು ನೋಡಿದವನೇ.

ಮಳವಳ್ಳಿಯಿಂದ ಬಣ್ಣ ಹಾಕುವ ಸಾಬರೊಬ್ಬರು ಕೆಂಪು ನೂಲು ತಂದಿದ್ದರು. ಮೂರು ತಲೆಮಾರಿನಿಂದ ಕೆಂಪಿಗೆ ಹೆಸರಾದ ಮನೆ ಅವರದು. ಆ ದೀಪದಡಿ ನೂಲು ಕಂದಿ ಕಪ್ಪಾಗಿ ಕಂಡಿತು. ಬಣ್ಣದಲ್ಲಿ ಮೋಸವಿದೆ, ಇನ್ನು ಈ ಮನೆಯ ನೂಲೇ ಬೇಡ ಎಂದರು ಗೋದಾಮಿನ ಅಧಿಕಾರಿ. ಓದಿದವನ ರುಜುವೊಂದಿರಲಿ ಎಂದು ನನ್ನನ್ನು ಕರೆಸಿದರು. ನಾನು ಮಹಾ ಪಂಡಿತ ನೋಡಿ! ಒಂದೇ ಸಲ ಕಣ್ಣು ಹಾಯಿಸಿ, ಬಣ್ಣ ಕೆಟ್ಟಿದೆ ಎಂದು ಬರೆದು ರುಜು ಹಾಕಿಬಿಟ್ಟೆ.

ಮಾರನೆಯ ದಿನ ಸಾಬರು ಶಾಲೆಗೇ ಬಂದರು. ಕೂಗಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ.

"ಮೇಷ್ಟ್ರೇ, ಒಸಿ ಬಿಸ್ಲಿಗ್ ಬನ್ನಿ" ಎಂದರು. ಅಂಗಳದಲ್ಲಿ ಅದೇ ನೂಲಿನ ಲಡಿ ಬಿಚ್ಚಿ ಹಿಡಿದರು. ಆಹಾ, ಅಂಥ ಕೆಂಪನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ.

"ಐಬಿರಾದು ದೀಪದಲ್ಲಿ. ನೀವ್ ಓದಿದೋರು, ನೋಡಿ ಯೋಳಿ."

ಮೈಸೂರಿನ ಕಾಲೇಜಿನಿಂದ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರುವ ಯಂತ್ರವೊಂದನ್ನು ಎರವಲು ತಂದೆ. ಮೂರು ದಿನ ಗೋದಾಮಿನಲ್ಲಿ ಕೂತು ನೇರಳೆ, ನೀಲಿ, ಹಸಿರು, ಹಳದಿ ಎಂದು ಒಂದೊಂದು ಗೆರೆಯ ಜಾಗವನ್ನೂ ಅಳೆದು ಬರೆದುಕೊಂಡೆ. ಒತ್ತಡಕ್ಕೆ ಗೆರೆಗಳು ಅಗಲವಾಗಿ ಹರಡಿದ್ದವು. ಹಳದಿಯ ಆಚೆ, ಕೆಂಪಿರಬೇಕಾದ ಕಡೆ, ಬರೀ ಮಬ್ಬು. ಸಾಬರನ್ನು ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಅದ್ರತ್ರನೇ ಕೆಂಪಿಲ್ಲ. ನನ್ ನೂಲ್ಗೆ ಎಲ್ಲಿಂದ ತಂದ್ ಕೊಟ್ಟಾತು!"

ಮೂರು ದಿನದ ನನ್ನ ಲೆಕ್ಕವನ್ನೆಲ್ಲ ಆ ಮನುಷ್ಯ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಅಧಿಕಾರಿಯ ಎದುರು ತಪ್ಪು ನನ್ನದೆಂದು ಒಪ್ಪಿಕೊಂಡು ಬೇರೆ ಕಾಗದ ಬರೆದುಕೊಟ್ಟೆ. ಅವರೂ ಯಂತ್ರದಲ್ಲಿ ಇಣುಕಿ, ಲಡಿಯನ್ನು ಬಿಸಿಲಿಗೆ ಹಿಡಿದು ನೋಡಿ, ನೂಲನ್ನು ಗೋದಾಮಿನ ಒಳಗಿಡಿಸಿದರು. ನನ್ನ ಹಳೆಯ ಕಾಗದವನ್ನು ಹಿಂದಕ್ಕೆ ಪಡೆದು ಹರಿಯಲು ಹೋದೆ. ಸಾಬರು ಕೈ ಹಿಡಿದರು.

"ಅರೀಬ್ಯಾಡಿ, ಇಲ್ ಕೊಡಿ."

"ಇನ್ನೇಕೆ ಸಾಬ್ರೇ ಅದು?"

"ನಾಳೆ ಇನ್ನೊಬ್ಬನ ನೂಲ್ಗೂ ನೀವು ಇಂಗೇ ಬರ್ಯಕ್ ಬಂದ್ರೆ, ನಿಮ್ಗೇ ತೋರ್ಸಾಕ್ ಬೇಕು."

ಮಡಿಸಿ ಜೇಬಿಗಿಟ್ಟುಕೊಂಡರು. ನಾನು ತಡೆಯಲಿಲ್ಲ.